ತುಕ್ಕು ಹಿಡಿಯದ ಬೀಗ

ಮೇ ೨೮

ತಂಗಿಗೆ ಅಣ್ಣನು ಮನಸಾರೆ ಹರಸಿ ಬರೆಯುವುದು.

ಬಹಳ ದಿನಗಳಿಂದ ನಿನಗೆ ಬರೆಯಲಾಗಲಿಲ್ಲ. ಕಣ್ಣಿನ ಪೊರೆ ದಟ್ಟವಾಗಿ ಅಕ್ಷರಗಳೆಲ್ಲ ಇರುವೆಗಳಂತೆ ಹರಿದಾಡುತ್ತಿದ್ದವು. ಅದಲ್ಲದೆ ಬೇರೆ ಕಾರಣವಿಲ್ಲ. ನಿನ್ನೆ ಪತ್ರಿಕೆಯ ಒಳಪುಟದಲ್ಲಿ, ಬಾಡಿಗೆ ಮನೆಗಳ ಜಾಹೀರಾತಿನ ಕೆಳಗೆ, ಎರಡು ಸಾಲಿನ ತಿದ್ದುಪಡಿಯೊಂದನ್ನು ಕಂಡೆ. ಮಾರ್ಚ್ ತಿಂಗಳಲ್ಲಿ ‘ಉಂಡ ಮನೆಗೇ ಕನ್ನ’ ಎಂಬ ತಲೆಬರಹದೊಡನೆ ಅಚ್ಚಾದ ಭಾವಚಿತ್ರದಲ್ಲಿರುವ ಮಹಿಳೆ ಬಂಧಿತಳಲ್ಲವೆಂದೂ, ಪೊಲೀಸರಿಗೆ ಹೇಳಿಕೆ ಕೊಡಲು ಹೋಗಿದ್ದವಳೆಂದೂ, ಪ್ರಮಾದಕ್ಕಾಗಿ ವಿಷಾದಿಸುವುದಾಗಿಯೂ ಅದರಲ್ಲಿದೆ.

ವಿಷಾದವೆಂಬ ಪದ ಎಷ್ಟು ಅಗ್ಗವಾಯಿತು, ನೋಡು! ಆ ವರದಿಯನ್ನು ನಮ್ಮ ಮನೆಯಲ್ಲಿ ಯಾರೂ ಎಳ್ಳುಕಾಳಿನಷ್ಟೂ ನಂಬಲಿಲ್ಲವೆಂಬುದನ್ನು ನಿನಗೆ ಬೇರೆ ಹೇಳಬೇಕಾಗಿಲ್ಲ. ನಮ್ಮ ತಾಯಿಯ ಮಡಿಲಲ್ಲಿ ಬೆಳೆದವಳು ಪರರ ವಸ್ತುವಿಗೆ ಕೈಚಾಚುವುದುಂಟೆ? ಭಗವಂತನು ತನ್ನವರನ್ನು ಪುಟಕ್ಕಿಟ್ಟು ನೋಡುತ್ತಾನೆ. ಅಪರಂಜಿಗೆ ಬೆಂಕಿಯ ಭಯವಿಲ್ಲ.

ನಿನ್ನ ಅತ್ತಿಗೆ ಈಗ ಊರುಗೋಲು ಹಿಡಿದು ಅಡುಗೆಮನೆಯವರೆಗೆ ನಡೆಯುತ್ತಾಳೆ. ಅವಳು ಸೊಂಟದ ಮೂಳೆ ಮುರಿದುಕೊಂಡು ಮಲಗಿದ್ದಾಗ ಚಳಿಗಾಲವೆಲ್ಲ ಇಲ್ಲಿದ್ದು ನೀನು ಮಾಡಿದ ಸೇವೆಯನ್ನು ದಿನವೂ ನೆನೆಯುತ್ತಾಳೆ. ‘ಅವಳು ಯಾಕ್ರೀ ಬರ್ತಾನೇ ಇಲ್ಲ?’ ಎಂದು ಕೇಳುತ್ತಾಳೆ. ಕೆಲಸದ ಒತ್ತಡವೆಂದು ಹೇಳಿದ್ದೇನೆ.

ನಿನ್ನ ಅಣ್ಣ


ಜೂನ್ ೯

ಅಣ್ಣನವರಿಗೆ ತಂಗಿಯ ನಮಸ್ಕಾರ.

ಬಾಡಿಗೆ ಮನೆಗಳ ಕೆಳಗಿನ ಎರಡು ಸಾಲನ್ನು ಕಂಡ ಕಣ್ಣಿನ ಪೊರೆ ಈಗ ತಿಳಿಯಾಗಿರಬೇಕು. ಸಂತೋಷ.

ನಡೆದದ್ದನ್ನು ನಾನೇ ಹೇಳುತ್ತೇನೆ. ಇದುವರೆಗೆ ನೀವು ಕೇಳಲಿಲ್ಲ. ನಾನು ಆರೈಕೆ ಮಾಡುತ್ತಿದ್ದ ಅಜ್ಜಿಯ ಕೈಯಲ್ಲಿ ಒಂದು ಬೆಳಿಗ್ಗೆ ಬಳೆಗಳಿರಲಿಲ್ಲ. ಮೈ ಒರೆಸುವಾಗ ಅದನ್ನು ಮೊದಲು ಕಂಡವಳು ನಾನು. ಅಜ್ಜಿಯ ಮಗನನ್ನು ಕರೆದು ತೋರಿಸಿದವಳೂ ನಾನೇ. ಠಾಣೆಗೆ ಹೋಗಿ ಕಂಡದ್ದನ್ನು ಹೇಳಿ ಹೊರಗೆ ಬಂದೆ. ಬಿಸಿಲು ಕಣ್ಣಿಗೆ ಹೊಡೆಯಿತು, ಕೈ ಅಡ್ಡ ಹಿಡಿದೆ. ಅಷ್ಟರಲ್ಲಿ ಯಾರೋ ಫೋಟೋ ತೆಗೆದರು. ಮರುದಿನ ಮೊದಲ ಪುಟದಲ್ಲಿ, ಆ ಫೋಟೋದ ಕೆಳಗೆ, ‘ಮುಖ ಮರೆಸಿಕೊಂಡ ಕಳ್ಳಿ’. ಜೊತೆಗೆ ನನ್ನ ಹೆಸರು, ಬೀದಿ, ವಯಸ್ಸು. ವಯಸ್ಸನ್ನೂ ಎರಡು ವರ್ಷ ಏರಿಸಿದ್ದರು. ಅದಕ್ಕೆ ಮಾತ್ರ ಇನ್ನೂ ವಿಷಾದ ಬಂದಿಲ್ಲ.

ಬಳೆಗಳು ಆಮೇಲೆ ದಿಂಬಿನ ಹತ್ತಿಯೊಳಗೆ ಸಿಕ್ಕವು. ಮರೆವಿನ ಅಜ್ಜಿ ತಾವೇ ಕಳ್ಳರಿಗೆ ಹೆದರಿ ತುರುಕಿಟ್ಟಿದ್ದರು. ಪತ್ರಿಕೆಗೆ ಅದು ಸುದ್ದಿಯಾಗಿ ಕಾಣಲಿಲ್ಲ.

ಆರೈಕೆಯ ಕೆಲಸಕ್ಕೆ ಕಳುಹಿಸುವ ಕಚೇರಿಯವರು ‘ಸ್ವಲ್ಪ ದಿನ ಹೋಗ್ಲಿ ಬಿಡಿ’ ಎಂದರು. ಆ ಸ್ವಲ್ಪ ದಿನ ಇನ್ನೂ ಮುಗಿದಿಲ್ಲ. ಈಗ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹೊದಿಕೆಗಳನ್ನು ಮಡಚುತ್ತೇನೆ. ಅಲ್ಲಿ ಕದಿಯಲು ಏನೂ ಇಲ್ಲವಾದ್ದರಿಂದ ಎಲ್ಲರೂ ನನ್ನನ್ನು ಮರ್ಯಾದೆಯಿಂದಲೇ ನೋಡುತ್ತಾರೆ. ಆದರೆ ನನ್ನ ಕೈ ಹೊದಿಕೆಗೆ ಪಳಗಿದ್ದಲ್ಲ, ಹೊದಿಕೆಯೊಳಗಿನ ಮನುಷ್ಯರಿಗೆ ಪಳಗಿದ್ದು.

ಪತ್ರಿಕೆಯ ಮೇಲೆ ಮಾನಹಾನಿಯ ಮೊಕದ್ದಮೆ ಹೂಡಿದ್ದೇನೆ. ನನಗೆ ಬೇಕಾದದ್ದು ಒಂದೇ: ಮೊದಲ ಪುಟದಲ್ಲಿ ಹೋದ ಮಾನ ಮೊದಲ ಪುಟದಲ್ಲಿಯೇ ಮರಳಿ ಬರಬೇಕು, ಅಷ್ಟೇ ದೊಡ್ಡ ಅಕ್ಷರದಲ್ಲಿ. ಆಗ ಯಾರಾದರೂ ಮತ್ತೆ ತಮ್ಮ ತಾಯಿಯನ್ನು ನನ್ನ ಕೈಗೆ ಒಪ್ಪಿಸಿಯಾರು. ನೀವು ಬಂದು ಸಾಕ್ಷಿ ಹೇಳಬೇಕು. ‘ಓದಿದಾಗ ಮನಸ್ಸಿಗೆ ಏನಾಯ್ತೋ ಅಷ್ಟೇ ಹೇಳ್ಲಿ, ಒಂದಕ್ಷರ ಹೆಚ್ಚು ಬೇಡ, ಕಡಿಮೆ ಬೇಡ’ ಎಂದಿದ್ದಾರೆ ನನ್ನ ವಕೀಲಮ್ಮ.

ಅತ್ತಿಗೆ ಬಲಮಗ್ಗುಲಿಗೆ ಮಲಗದಂತೆ ನೋಡಿಕೊಳ್ಳಿ.

ತಂಗಿ


ಜೂನ್ ೧೫

ತಂಗಿಗೆ ಹರಕೆ.

ನಿನ್ನ ಪತ್ರವನ್ನು ಓದಿ ಸಾತ್ವಿಕ ಕೋಪ ಉಕ್ಕಿತು. ನೀನು ಕೇಳುವುದಕ್ಕೆ ಮೊದಲೇ ನಾನು ಸಿದ್ಧನಾಗಬೇಕಾಗಿತ್ತು. ಸಾಕ್ಷಿಕಟ್ಟೆಯ ದಿನದವರೆಗೆ ಕಾಯುವುದೇಕೆಂದು, ಪತ್ರಿಕೆಯ ಸಂಪಾದಕರಿಗೆ ನಾನೇ ನೇರವಾಗಿ ಒಂದು ದೀರ್ಘ ಪತ್ರವನ್ನು ಬರೆದು ಕಳುಹಿಸಿದೆ. ಅದರ ಕೊನೆಯ ಸಾಲುಗಳನ್ನು ನಿನಗೂ ಬರೆಯುತ್ತೇನೆ:

‘ಮಹನೀಯರೇ, ಸೂರ್ಯನ ಮೇಲೆ ಧೂಳೆರಚಿದವನ ಕಣ್ಣಿಗೇ ಧೂಳು ಬೀಳುವುದಲ್ಲದೆ ಸೂರ್ಯನಿಗೆ ಕುಂದಿಲ್ಲ. ತಮ್ಮ ವರದಿಯಿಂದ ನನ್ನ ತಂಗಿಯ ಗೌರವಕ್ಕೆ ಕೂದಲೆಳೆಯಷ್ಟೂ ಊನ ಬಂದಿಲ್ಲ. ಅವಳನ್ನು ಬಲ್ಲವರಲ್ಲಿ ಒಬ್ಬರೂ ಅದನ್ನು ನಂಬಲಿಲ್ಲ. ಒಡಹುಟ್ಟಿದವನಾದ ನಾನಂತೂ ಒಂದು ಕ್ಷಣವಾದರೂ ನಂಬಲಿಲ್ಲವೆಂದು ಭಗವಂತನ ಸಾಕ್ಷಿಯಾಗಿ ಬರೆಯುತ್ತಿದ್ದೇನೆ.’

ಕೆಳಗೆ ಸಹಿ ಮಾಡಿ, ‘ನಿವೃತ್ತ ಭಾಷಾ ಶಿಕ್ಷಕ, ಪ್ರಾರ್ಥನಾ ಮಂದಿರದ ಪ್ರವಚನಕಾರ’ ಎಂದೂ ಸೇರಿಸಿದೆ. ಓದಿದವರಿಗೆ ಮೈ ಬೆವರದಿರದು. ಇನ್ನು ನೀನು ನಿಶ್ಚಿಂತೆಯಿಂದಿರು.

ನಿನ್ನ ಅಣ್ಣ


ಜುಲೈ ೧೧

ಅಣ್ಣನವರಿಗೆ ನಮಸ್ಕಾರ.

ನಿಮ್ಮ ಪತ್ರ ಓದಿ ಸಂಪಾದಕರಿಗೆ ಬೆವರು ಬಂದಿತೋ ಇಲ್ಲವೋ ತಿಳಿಯದು. ಅವರ ವಕೀಲರು ಮಾತ್ರ ಅದನ್ನು ಪ್ರತಿ ಮಾಡಿಸಿ ನ್ಯಾಯಾಲಯಕ್ಕೆ ಒಪ್ಪಿಸಿದ್ದಾರೆ, ಬಹಳ ಸಂತೋಷದಿಂದ.

ನನ್ನ ವಕೀಲಮ್ಮ ಅದನ್ನು ಎರಡು ಸಲ ಓದಿ ಮೊದಲು ನಕ್ಕರು, ಆಮೇಲೆ ತಲೆ ಮೇಲೆ ಕೈಯಿಟ್ಟುಕೊಂಡರು. ‘ಅಲ್ಲಮ್ಮ, ನಿಮ್ಮಣ್ಣ ನಿಮ್ಮ ಕಡೆಯವರೋ, ಆ ಕಡೆಯವರೋ?’

‘ನನ್ನ ಕಡೆಯವರೇ. ಹೊಗಳಿದ್ದಾರಲ್ಲ!’

‘ಅದೇ ಬಂದಿರೋದು ಕಷ್ಟ. ಮಾನ ಹೋಯ್ತು ಅಂತ ನಾವು ಕೇಸು ಹಾಕಿದ್ದೀವಿ. ಕೂದಲೆಳೆಯಷ್ಟೂ ಹೋಗಿಲ್ಲ ಅಂತ ದೇವರ ಮೇಲೆ ಆಣೆ ಇಟ್ಟು ಬರ್ಕೊಟ್ಟಿದ್ದಾರೆ ಇವರು. ಹೋಗದೇ ಇರೋ ಮಾನಕ್ಕೆ ಯಾರಮ್ಮ ಪರಿಹಾರ ಕೊಡ್ತಾರೆ?’

ಆಮೇಲೆ ಬಿಡಿಸಿ ಹೇಳಿದರು. ಮಾನವೆನ್ನುವುದು ನನ್ನ ಒಳಗಿರುವುದಲ್ಲವಂತೆ, ಇತರರ ಮನಸ್ಸಿನಲ್ಲಿರುವುದಂತೆ. ಅದು ಅಲ್ಲಿಂದ ಬಿತ್ತು ಎಂದು ಆ ಮನಸ್ಸಿನವರೇ ಬಂದು ಹೇಳಬೇಕು. ಆರೈಕೆ ಕಚೇರಿಯವರು ‘ಆಗ ಕೆಲಸವೇ ಇರಲಿಲ್ಲ’ ಎಂದು ಬರೆದುಕೊಟ್ಟು ಜಾರಿಕೊಂಡಿದ್ದಾರೆ. ನನ್ನ ಕೆಳಗಿನ ಮನೆಯಾಕೆ, ಮಾರ್ಚ್ ತಿಂಗಳಿಂದ ನನ್ನನ್ನು ಕಂಡರೆ ಬಾಗಿಲ ಚಿಲಕ ಹಾಕುವವಳು, ‘ನಾನು ಪೇಪರೇ ಓದಲ್ಲ’ ಎನ್ನುತ್ತಾಳೆ.

ಆದ್ದರಿಂದ ಅಣ್ಣ, ನನ್ನನ್ನು ಒಳ್ಳೆಯವಳೆನ್ನುವವರು ಬೇಡ. ಓದಿ ನಂಬಿದವರು ಒಬ್ಬರು ಬೇಕು. ನಿಮ್ಮ ಕಡೆ ಅಂಥವರು ಯಾರಾದರೂ ಇದ್ದರೆ ಯೋಚಿಸಿ ನೋಡಿ. ನಿಧಾನವಾಗಿ ಯೋಚಿಸಿ.

ತಂಗಿ


ಜುಲೈ ೩೦

ತಂಗಿಗೆ ಹರಕೆ.

ನನ್ನ ಪತ್ರ ನಿನಗೇ ಮುಳುವಾಯಿತೆಂದು ತಿಳಿದು ಊಟ ರುಚಿಸಲಿಲ್ಲ. ಧರ್ಮವೂ ನ್ಯಾಯಾಲಯವೂ ಒಂದೇ ಭಾಷೆಯನ್ನಾಡುತ್ತವೆಂದು ನಂಬಿದ್ದ ಮುದುಕನನ್ನು ಕ್ಷಮಿಸು.

ನೀನು ಹೇಳಿದಂತೆ ವಿಚಾರಿಸಿದೆ. ನಂಬಿದವರೊಬ್ಬರೂ ದೊರೆಯಲಿಲ್ಲ. ಪ್ರಾರ್ಥನಾ ಮಂದಿರದ ಹಾರ್ಮೋನಿಯಂ ಮಾಸ್ತರು ಅಂದು ಆ ಪುಟವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಎಲ್ಲರಿಗೂ ತೋರಿಸಿದ್ದನ್ನು ನಾನೇ ಬಲ್ಲೆ. ಈಗ ಕೇಳಿದರೆ, ‘ಛೆ ಛೆ, ನಿಮ್ಮ ತಂಗಿನಾ? ನಾನು ಆವತ್ತೇ ಹೇಳ್ದೆ, ಇದೆಲ್ಲ ಸುಳ್ಳು ಅಂತ’ ಎಂದರು. ಗಡಿಯಾರ ರಿಪೇರಿಯ ಮಾವನವರನ್ನು ಕೇಳಿದೆ. ‘ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜನ ಅಲ್ಲಪ್ಪ ನಾವು’ ಎಂದು ನನ್ನ ಮೇಲೆಯೇ ಸಿಡಿದರು. ಮಾರ್ಚ್ ತಿಂಗಳಲ್ಲಿ ಊರಿಗೆ ಊರೇ ನಾಲಿಗೆಯಾಗಿತ್ತು. ಈಗ ನೋಡಿದರೆ ಎಲ್ಲರೂ ಸ್ಥಿತಪ್ರಜ್ಞರು. ಮನುಷ್ಯನಿಗೆ ಪಾಪ ಮಾಡಲು ಇರುವ ಧೈರ್ಯ ಅದನ್ನು ಒಪ್ಪಿಕೊಳ್ಳಲು ಇರುವುದಿಲ್ಲ. ಕಳೆದ ವಾರ ಪ್ರವಚನದಲ್ಲಿ ಇದನ್ನೇ ವಿಸ್ತರಿಸಿ ಹೇಳಿದೆ; ಹಲವರು ತಲೆದೂಗಿದರು.

ನೀನು ಮುಂದೆ ಬಂದಾಗ ತೊಂದರೆಯಾಗಬಾರದೆಂದು ಇನ್ನೊಂದು ವಿಷಯ. ಮುಂಬಾಗಿಲಿನ ಬೀಗ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತಿದ್ದುದರಿಂದ ಹೊಸದನ್ನು ಹಾಕಿಸಿದ್ದೇನೆ. ನಿನ್ನಲ್ಲಿರುವ ಕೀಲಿ ಇನ್ನು ಹಿಡಿಯದು.

ನಿನ್ನ ಅಣ್ಣ


ಆಗಸ್ಟ್ ೪

ಅಣ್ಣನವರಿಗೆ.

ಬೀಗಕ್ಕೆ ತುಕ್ಕು ಹಿಡಿದಿರಲಿಲ್ಲ. ಫೆಬ್ರವರಿಯಲ್ಲಿ ನಿಮ್ಮ ಮನೆಯಿಂದ ಹೊರಡುವ ಹಿಂದಿನ ದಿನ ಅದಕ್ಕೆ ಎಣ್ಣೆ ಬಿಟ್ಟವಳು ನಾನು. ಅತ್ತಿಗೆಗೆ ನಿದ್ದೆ ಬಂದಾಗ ಸದ್ದಾಗಬಾರದೆಂದು.

ಮಾರ್ಚ್ ತಿಂಗಳಲ್ಲಿ ಆ ವರದಿ ಬಂದ ವಾರದಲ್ಲಿಯೇ ನಾನು ನಿಮ್ಮ ಮನೆಗೆ ಬಂದಿದ್ದೆ. ನಮ್ಮ ಬೀದಿಯಲ್ಲಿ ಇರಲಾಗಲಿಲ್ಲ. ಹೋಗಲು ನನಗೆ ಇನ್ನೊಂದು ಬಾಗಿಲಿರಲಿಲ್ಲ. ಕೀಲಿ ಹಾಕಿದೆ, ಅದು ಒಳಗೆ ಹೋಗಲಿಲ್ಲ. ತಿರುಗಿಸಿ ಹಾಕಿದೆ. ಆಗ ನೋಡಿದೆ: ಕೀಲಿಕಿಂಡಿಯ ಸುತ್ತ ಹೊಸ ಹಿತ್ತಾಳೆ, ಹೊಸ್ತಿಲ ಮೇಲೆ ಮರದ ಹೊಟ್ಟು. ಬಡಗಿ ಆಗತಾನೆ ಹೋಗಿದ್ದಿರಬೇಕು. ಬಸ್ಸಿನ ಧೂಳಿಗೆ ಕೆಮ್ಮು ಬಂತು, ತಡೆಯಲಾಗಲಿಲ್ಲ.

ಒಳಗಿನಿಂದ ಅತ್ತಿಗೆ ‘ಯಾರದು?’ ಎಂದರು.

ನೀವು ‘ಯಾರೂ ಇಲ್ಲ, ಗಾಳಿ’ ಎಂದಿರಿ. ಬಾಗಿಲಿಗೆ ಬಹಳ ಹತ್ತಿರದಿಂದ ಕೇಳಿಸಿತು.

ನಾನು ಅದನ್ನು ಹೇಳಬಾರದೆಂದಿದ್ದೆ. ನೀವೇ ಹೇಳುವಿರೆಂದು ಕಾದೆ. ಇನ್ನು ಕಾಯುವುದಿಲ್ಲ, ಕೇಳುವುದೂ ಇಲ್ಲ. ಮುಂದಿನ ವಾಯಿದೆಯಲ್ಲಿ ಮೊಕದ್ದಮೆಯನ್ನು ಹಿಂದಕ್ಕೆ ತೆಗೆದುಕೊಳ್ಳೋಣವೆಂದು ವಕೀಲಮ್ಮನವರಿಗೆ ಹೇಳಿದ್ದೇನೆ. ನಂಬಿದವರು ಊರಿನಲ್ಲಿ ಯಾರೂ ಇಲ್ಲವೆಂದಮೇಲೆ ನನ್ನ ಮಾನ ಇದ್ದಲ್ಲಿಯೇ ಇದೆ ಎಂದಾಯಿತಲ್ಲ.

ತಂಗಿ


ಸೆಪ್ಟೆಂಬರ್ ೨

ತಂಗಿಗೆ.

ಹರಸುವ ಯೋಗ್ಯತೆ ಈ ಕೈಗಿಲ್ಲವಾದ್ದರಿಂದ ಆ ಮಾತನ್ನು ಬರೆಯುತ್ತಿಲ್ಲ. ಮೊಕದ್ದಮೆಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಡ. ನಿನಗೆ ಬೇಕಾದ ಸಾಕ್ಷಿ ನಾನು.

ನಿನ್ನ ಪತ್ರ ಬಂದಂದಿನಿಂದ ಪ್ರವಚನಕ್ಕೆ ಹೋಗಿಲ್ಲ. ಗಂಟಲು ಕೆಟ್ಟಿದೆಯೆಂದು ಹೇಳಿ ಕಳುಹಿಸಿದೆ. ನೋಡು, ಈಗಲೂ ಸುಳ್ಳು. ಈ ಕಾಗದವನ್ನು ಎಷ್ಟು ಬಾರಿ ಆರಂಭಿಸಿ ಹರಿದೆನೋ! ಪ್ರತಿಯೊಂದರಲ್ಲಿಯೂ ಯಾವುದಾದರೊಂದು ಶ್ಲೋಕ ಅಡ್ಡ ಬಂದು ನನ್ನನ್ನು ಮರೆಮಾಡುತ್ತಿತ್ತು. ಇದರಲ್ಲಿ ಶ್ಲೋಕವಿಲ್ಲ.

ಅಂದು ಬೆಳಿಗ್ಗೆ ಪತ್ರಿಕೆಯನ್ನು ಬಿಡಿಸಿದಾಗ ನಿನ್ನ ಕೈಯನ್ನು ಗುರುತಿಸಿದೆ. ಮುಖ ಮರೆಯಾಗಿತ್ತು, ಕೈ ನಿನ್ನದೇ. ಮೊದಲು ಬಂದ ಆಲೋಚನೆ ‘ಅಯ್ಯೋ ನನ್ನ ತಂಗಿ’ ಎಂದಲ್ಲ. ‘ಅಯ್ಯೋ ನನ್ನ ಹೆಸರು’ ಎಂದು. ಎರಡನೆಯದು ಇನ್ನೂ ಕೀಳು. ಚಳಿಗಾಲವೆಲ್ಲ ನಮ್ಮ ಮನೆಯ ಕಪಾಟಿನ ಕೀಲಿ ನಿನ್ನ ಕೈಯಲ್ಲಿತ್ತಲ್ಲ ಎಂಬುದು. ಎದ್ದು ಹೋಗಿ ಕಪಾಟನ್ನು ತೆರೆದು ಅಮ್ಮನ ಸರವನ್ನೂ ನಿನ್ನ ಅತ್ತಿಗೆಯ ಬಳೆಗಳನ್ನೂ ಹುಡುಕಿದೆ. ಮಂಚದ ಮೇಲಿಂದ ಅವಳು ಕೇಳಿದಳು:

‘ಏನ್ರೀ ಹುಡುಕ್ತಿದ್ದೀರಿ?’

‘ಕನ್ನಡಕ.’

‘ಮೂಗಿನ ಮೇಲೇ ಇದೆಯಲ್ರೀ!’

ಎಲ್ಲವೂ ಇದ್ದಲ್ಲಿಯೇ ಇದ್ದವು. ಒಂದು ಎಳೆಯೂ ಕದಲಿರಲಿಲ್ಲ. ಅದನ್ನು ಕಣ್ಣಾರೆ ಕಂಡೆ. ಕಂಡ ಮೇಲೆ ಬಡಗಿಯನ್ನು ಕರೆಸಿ ಬೀಗವನ್ನು ಬದಲಾಯಿಸಿದೆ. ನನ್ನ ಕಣ್ಣೇ ನಿನ್ನನ್ನು ನಿರ್ದೋಷಿಯೆಂದದ್ದನ್ನು ಬಿಟ್ಟು, ಅಪರಿಚಿತನೊಬ್ಬ ಅಚ್ಚು ಹಾಕಿಸಿದ್ದನ್ನು ನಂಬಿದೆ. ವರದಿಗಾರನು ನಿನ್ನನ್ನು ಅರಿಯದವನು. ಅವನಿಗೆ ಅಷ್ಟಾದರೂ ನೆಪವುಂಟು.

ಬಾಗಿಲ ಹೊರಗೆ ಕೆಮ್ಮಿದವಳು ನೀನೆಂಬುದೂ ಗೊತ್ತಿತ್ತು. ನಿನ್ನ ಪತ್ರವನ್ನು ನಿನ್ನ ಅತ್ತಿಗೆಗೆ ಓದಿ ಹೇಳಿದೆ. ಮೊಟ್ಟಮೊದಲ ಬಾರಿಗೆ ಎಲ್ಲವನ್ನೂ ಹೇಳಿದೆ. ಅವಳು ಅಳುವಳೆಂದಿದ್ದೆ, ಬಯ್ಯುವಳೆಂದಿದ್ದೆ. ಊರುಗೋಲನ್ನು ಗೋಡೆಗೆ ಒರಗಿಸಿ, ‘ನನ್ನ ಸೊಂಟ ಮುರಿದಿತ್ತು, ಕಿವಿ ಮುರಿದಿರಲಿಲ್ಲ. ಗಾಳಿಗೆ ಕೆಮ್ಮು ಬರಲ್ಲ ರೀ’ ಎಂದಳು. ಇದುವರೆಗೂ ಊಟಕ್ಕೆ ಬನ್ನಿ ಎನ್ನುವುದನ್ನು ಬಿಟ್ಟು ಮಾತಾಡಿಲ್ಲ.

ಚಿಕ್ಕಂದಿನಲ್ಲಿ ನೀನು ನನ್ನನ್ನು ‘ನೀನು’ ಎನ್ನುತ್ತಿದ್ದೆ. ನಾನು ಉಪಾಧ್ಯಾಯನಾದ ವರ್ಷ ಅಮ್ಮ ಹೇಳಿ ‘ನೀವು’ ಮಾಡಿಸಿದಳು. ಆ ಬಹುವಚನಕ್ಕೆ ತಕ್ಕವನಾಗಿ ನಡೆಯಲಿಲ್ಲ.

ವಾಯಿದೆಯ ದಿನವನ್ನು ತಿಳಿಸು, ಬರುತ್ತೇನೆ. ಈ ಕಾಗದದ ಜೊತೆ ಹೊಸ ಬೀಗದ ಕೀಲಿಯೂ ಇದೆ.

ಅಣ್ಣ


ನವೆಂಬರ್ ೧೮

ತಂಗಿಗೆ.

ವಕೀಲಮ್ಮನವರು ದಿನಾಂಕವನ್ನು ತಿಳಿಸಿದ್ದರಿಂದ ಬಂದೆ. ನಿನ್ನಿಂದ ಒಂದು ಸಾಲೂ ಬಂದಿರಲಿಲ್ಲ. ನಾನು ಕಟ್ಟೆಯನ್ನು ಹತ್ತುತ್ತಲೇ ನೀನು ಎದ್ದು ಹೊರಗೆ ನಡೆದೆ. ನನ್ನ ದನಿಯನ್ನು ಕೇಳಲಾರದಷ್ಟು ಹೇಸಿಗೆ ನಿನಗಾಗಿರುವುದು ನ್ಯಾಯವೇ. ಆದರೆ ಏನು ಹೇಳಿದೆನೆಂಬುದನ್ನು ನಿನಗೆ ಒಪ್ಪಿಸುವುದು ನನ್ನ ಕರ್ತವ್ಯ.

ವಕೀಲಮ್ಮನವರು ಕೇಳಿದ್ದಕ್ಕೆ ಇದ್ದದ್ದನ್ನು ಇದ್ದಂತೆ ಹೇಳಿದೆ: ಕಪಾಟು, ಬಡಗಿ, ಗಾಳಿ. ಆಮೇಲೆ ಪತ್ರಿಕೆಯ ವಕೀಲರು ಎದ್ದರು. ನನ್ನ ಆ ಭವ್ಯವಾದ ಪತ್ರ ಅವರ ಕೈಯಲ್ಲಿತ್ತು.

‘ಮೇಷ್ಟ್ರೇ, ಈ ಸಹಿ ನಿಮ್ಮದೇ ತಾನೇ?’

‘ನನ್ನದೇ.’

‘ಒಂದು ಕ್ಷಣವಾದರೂ ನಂಬಲಿಲ್ಲ, ಭಗವಂತನ ಸಾಕ್ಷಿಯಾಗಿ... ಚೆನ್ನಾಗಿ ಬರೆದಿದ್ದೀರಿ. ಆಗ ಸುಳ್ಳು ಹೇಳಿದ್ರೋ, ಈಗ ಹೇಳ್ತಿದ್ದೀರೋ?’

‘ಆಗ.’

‘ದೇವರ ಹೆಸರಲ್ಲಿ?’

‘ಹೌದು.’

‘ಯಾಕೆ?’

‘ನಾಚಿಕೆಗೆ.’

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ತಿರುಗಿ ನೋಡಿದರೆ ಹಾರ್ಮೋನಿಯಂ ಮಾಸ್ತರು. ಅಷ್ಟು ದೂರ ಬಸ್ಸು ಹತ್ತಿ ನೋಡಲು ಬಂದಿದ್ದರು. ವಕೀಲರು ಬಿಡಲಿಲ್ಲ. ‘ತಂಗಿಗೆ ಸಹಾಯ ಆಗ್ಲಿ ಅಂತ ಈ ಬೀಗದ ಕಥೆ ಕಟ್ಟಿದ್ದೀರಿ. ಬೀಗ ಹಳೇದಾಗಿತ್ತು, ಬದಲಾಯಿಸಿದ್ರಿ. ಎಲ್ಲರ ಮನೇಲೂ ನಡೆಯೋದೇ, ಅಲ್ವಾ?’

ನಾನು ಚೀಲದಿಂದ ಹಳೆಯ ಬೀಗವನ್ನು ತೆಗೆದು ಮೇಜಿನ ಮೇಲಿಟ್ಟೆ. ಬಿಸಾಡಲು ಮನಸ್ಸಾಗದೆ ಗೋಡೆಯ ಗೂಡಿನಲ್ಲಿ ಬಚ್ಚಿಟ್ಟಿದ್ದೆ. ನಿನ್ನ ಹಳೆಯ ಕೀಲಿ ವಕೀಲಮ್ಮನವರ ಬಳಿಯಿತ್ತು. ನ್ಯಾಯಾಧೀಶರು ಎರಡನ್ನೂ ತರಿಸಿಕೊಂಡು ತಾವೇ ಕೀಲಿಯನ್ನು ಹಾಕಿ ತಿರುಗಿಸಿದರು. ಸದ್ದಾಗಲಿಲ್ಲ. ಅಷ್ಟು ಸರಾಗವಾಗಿ ತಿರುಗಿತು. ನಿನ್ನ ಎಣ್ಣೆಯ ಜಿಡ್ಡು ಅವರ ಬೆರಳಿಗೆ ಅಂಟಿತು; ಕರವಸ್ತ್ರದಿಂದ ಒರೆಸಿಕೊಂಡು, ‘ಬೀಗ ಚೆನ್ನಾಗೇ ಇದೆ’ ಎಂದರು. ನನ್ನ ಬಾಳಿನಲ್ಲಿ ಕೇಳಿದ ಅತ್ಯಂತ ಕಠಿಣವಾದ ಮಾತು ಅದು.

ಇಳಿದು ಬಂದು ನಿನ್ನನ್ನು ಹುಡುಕಿದೆ. ಮೊಗಸಾಲೆಯ ಕೊನೆಯಲ್ಲಿ ನೀನು ಗೋಡೆಯ ಕಡೆಗೆ ಮುಖ ಮಾಡಿ ನಿಂತಿದ್ದೆ. ಕರೆಯುವ ಧೈರ್ಯವಾಗಲಿಲ್ಲ. ಬಸ್ಸಿಗೆ ಬಂದುಬಿಟ್ಟೆ.

ಪ್ರಾರ್ಥನಾ ಮಂದಿರದಲ್ಲಿ ಈಗ ಬೇರೊಬ್ಬರು ಪ್ರವಚನ ಮಾಡುತ್ತಾರೆ. ನಾನು ಹಿಂದೆ ಕುಳಿತು ಕೇಳುತ್ತೇನೆ. ಅಲ್ಲಿ ಕುಳಿತರೆ ಅರ್ಥ ಬೇರೆಯೇ ಆಗುತ್ತದೆ.

ಅಣ್ಣ


ಜನವರಿ ೨೨

ಅಣ್ಣಾ,

ತೀರ್ಪು ನಮ್ಮ ಕಡೆಗಾಯಿತು. ನಿನ್ನೆಯ ಪತ್ರಿಕೆಯನ್ನು ನೀನು ನೋಡಿರುತ್ತೀಯೆ. ಮೊದಲ ಪುಟ, ಅದೇ ಜಾಗ, ಅದೇ ಗಾತ್ರದ ಅಕ್ಷರ. ಹೊಸ ಫೋಟೋ ತೆಗೆಯಲು ಬಂದವನು, ‘ಸ್ವಲ್ಪ ನಗಿ ಅಮ್ಮ, ಗೆದ್ದಿದ್ದೀರಲ್ಲ’ ಎಂದ. ಕೈ ಕೆಳಗಿಟ್ಟು ನಿಂತೆ, ನಗಲಿಲ್ಲ. ಆರೈಕೆ ಕಚೇರಿಯವರು ಇವತ್ತು ಫೋನು ಮಾಡಿದರು. ಅವರಿಗೂ ಈಗ ಎಲ್ಲಾ ಮೊದಲಿಂದ ಗೊತ್ತಿತ್ತಂತೆ. ಸೋಮವಾರದಿಂದ ಒಬ್ಬ ಅಜ್ಜನನ್ನು ನೋಡಿಕೊಳ್ಳಬೇಕು.

ನೀನು ಒಂದು ವಿಷಯವನ್ನು ತಪ್ಪು ತಿಳಿದಿದ್ದೀಯೆ. ಹೇಸಿಗೆಯಿಂದ ನಾನು ಹೊರಗೆ ಹೋಗಲಿಲ್ಲ. ನೀನು ಕಟ್ಟೆಯ ಮೇಲೆ ನಿಂತಾಗ ಕನ್ನಡಕ ತೆಗೆದು ಒರೆಸಿಕೊಂಡೆಯಲ್ಲ, ಆಗಲೇ ನನಗೆ ತಡೆಯಲಾಗಲಿಲ್ಲ. ಒಳಗಿದ್ದಿದ್ದರೆ ಎದ್ದು ನಿಂತು, ‘ಇಲ್ಲ ಸ್ವಾಮಿ, ನಮ್ಮಣ್ಣ ಹಂಗೆಲ್ಲ ನಂಬೋರಲ್ಲ, ನನಗೋಸ್ಕರ ಸುಳ್ಳು ಹೇಳ್ತಿದ್ದಾರೆ’ ಎಂದು ಕೂಗಿಬಿಡುತ್ತಿದ್ದೆ. ಗೆಲ್ಲುವ ಮೊಕದ್ದಮೆಯನ್ನು ನಾನೇ ಸೋಲುತ್ತಿದ್ದೆ. ನನ್ನ ಮಾನ ಮರಳಿ ಬರಲಿ ಎಂದು ನಿನ್ನದನ್ನು ಎಲ್ಲರೆದುರು ಬಿಚ್ಚಿಸಿದೆ. ಆ ನಾಚಿಕೆಗೆ ಗೋಡೆಯ ಕಡೆಗೆ ತಿರುಗಿ ನಿಂತಿದ್ದೆ. ನೀನು ಹಿಂದೆ ಬಂದು ನಿಂತದ್ದು ಹೆಜ್ಜೆಯ ಸದ್ದಿನಲ್ಲಿಯೇ ಗೊತ್ತಾಯಿತು. ನಾನೂ ಅದನ್ನು ಗಾಳಿ ಎಂದುಕೊಂಡೆ.

ಹೊಸ ಕೀಲಿ ತಲುಪಿತ್ತು. ಅದನ್ನು ಈ ಕಾಗದದ ಜೊತೆ ಹಿಂದಕ್ಕೆ ಕಳುಹಿಸುತ್ತಿದ್ದೇನೆ, ಕೋಪಕ್ಕಲ್ಲ. ಈ ಭಾನುವಾರ ಬರುತ್ತೇನೆ. ಅತ್ತಿಗೆಯ ಸೊಂಟಕ್ಕೆ ಎಣ್ಣೆ ತಿಕ್ಕಬೇಕು. ಕೀಲಿ ಹಾಕಿ ಒಳಗೆ ಬರುವುದಿಲ್ಲ, ಬಾಗಿಲು ಬಡಿಯುತ್ತೇನೆ.

ಅತ್ತಿಗೆ ‘ಯಾರದು?’ ಎಂದು ಕೇಳುತ್ತಾರೆ. ನಾನು ಉತ್ತರ ಕೊಡುವುದಿಲ್ಲ ಅಣ್ಣ. ನೀನು ಹೇಳಬೇಕು.

ತಂಗಿ